ಫುಟ್‌ಬೋರ್ಡಿನ ಮೇಲೆ ಒಂದು ಕಾಲು

ಫೋಟೋಕ್ಕೆ ನಿಂತ ಮನುಷ್ಯನನ್ನು ನಾನು ನಂಬುವುದಿಲ್ಲ. ಮನೆಯಲ್ಲಿ ಹರಿದ ಬನಿಯನ್ನು ಹಾಕಿಕೊಂಡು ಬೆನ್ನು ತುರಿಸಿಕೊಳ್ಳುತ್ತಾ ಕೂರುವವನು ಫೋಟೋದಲ್ಲಿ ಕೋಟು ತೊಟ್ಟು, ಎದೆ ಸೆಟೆಸಿ, ಊರಿನ ಕೆರೆಯನ್ನು ತಾನೇ ಕಟ್ಟಿಸಿದವನ ಹಾಗೆ ನಿಂತಿರುತ್ತಾನೆ. ಅಕ್ಷರ ಗೊತ್ತಿಲ್ಲದವನ ಕೈಯಲ್ಲಿ ಪುಸ್ತಕವಿರುತ್ತದೆ. ದಿನಕ್ಕೆ ಮೂರು ಸಲ ಜಗಳವಾಡುವ ಅಣ್ಣತಮ್ಮಂದಿರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡಿರುತ್ತಾರೆ. ಹೆಂಗಸರೂ ಕಡಿಮೆಯಿಲ್ಲ. ಪಕ್ಕದ ಮನೆಯವಳ ಸರ, ಓರಗಿತ್ತಿಯ ಸೀರೆ, ಅತ್ತೆಯ ಬಳೆ ಎಲ್ಲ ಸೇರಿ ಒಬ್ಬ ಹೆಂಗಸಾಗಿರುತ್ತವೆ. ಇದನ್ನೆಲ್ಲ ಯಾರೋ ಹೇಳಿದ್ದು ಕೇಳಿ ನಾನು ಬರೆಯುತ್ತಿಲ್ಲ. ನನ್ನ ಮದುವೆಯಾದದ್ದೇ ಒಂದು ಫೋಟೋ ನೋಡಿ. ನೋಡಿದವಳು ನಾನಲ್ಲ, ನಮ್ಮಪ್ಪ. ನಮ್ಮಪ್ಪ ನೋಡಿದ್ದು ಗಂಡನ್ನಲ್ಲ, ಕಾರನ್ನ.

ನಮ್ಮ ತವರು ಜಗಳೂರು. ಆಗ ಅಲ್ಲಿ ಕುರಿ ಜಾಸ್ತಿ, ಬಸ್ಸು ಕಡಿಮೆ. ನಾನು ಮೂರನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದೆ. ನಾಲ್ಕನೆಯದಕ್ಕೆ ಹೋಗುತ್ತೀಯಾ ಎಂದು ಯಾರೂ ನನ್ನನ್ನು ಕೇಳಲಿಲ್ಲ, ಹೋಗುತ್ತೇನೆ ಎಂದು ನಾನೂ ಹೇಳಲಿಲ್ಲ. ಊರೂರು ಸುತ್ತಿ ಗಂಡು ಹೆಣ್ಣು ಕೂಡಿಸುತ್ತಿದ್ದ ಮಠದ ಅಯ್ಯನವರೊಬ್ಬರು ಒಂದು ಮಧ್ಯಾಹ್ನ ಬಂದು, ಜೋಳಿಗೆಯಿಂದ ಮೊದಲು ವಿಭೂತಿ ಗಟ್ಟಿ ತೆಗೆದರು, ಅದರ ಹಿಂದೆಯೇ ಒಂದು ಫೋಟೋ ತೆಗೆದರು. ಚನ್ನಗಿರಿಯ ಗಂಡು, ಒಳ್ಳೆಯ ಮನೆತನ ಎಂದರು. ಫೋಟೋ ಕೈಯಿಂದ ಕೈಗೆ ಹೋಯಿತು. ನಮ್ಮಜ್ಜಿಗೆ ಕಣ್ಣು ಮಂಜಾಗಿತ್ತು, ಆಕೆ ಅದನ್ನು ಮೂಸಿ ನೋಡಿ ಮುಂದೆ ಕೊಟ್ಟಳು. ನಮ್ಮವ್ವ, "ಹುಡುಗ ಬಾಯಿ ಮುಚ್ಕೊಂಡು ನಿಂತಾನೆ, ಹಲ್ಲು ಹೆಂಗವೋ ಏನೋ" ಎಂದಳು. ನಮ್ಮಪ್ಪ ಬಾಗಿಲಿಗೆ ಹೋಗಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಫೋಟೋದಲ್ಲಿ ನಮ್ಮ ಮಾವ ಕರಿ ಕೋಟು, ಜರಿ ರುಮಾಲು ಹಾಕಿ, ಒಂದು ಕಾಲು ನೆಲದ ಮೇಲೆ, ಇನ್ನೊಂದು ಕಾಲು ಕಾರಿನ ಫುಟ್‌ಬೋರ್ಡಿನ ಮೇಲೆ ಇಟ್ಟು ನಿಂತಿದ್ದರು. ಪಕ್ಕದಲ್ಲಿ ಮೀಸೆ ಮೂಡದ ಹುಡುಗನೊಬ್ಬ ಕಾರಿನ ದೀಪದ ಮೇಲೆ ಕೈಯಿಟ್ಟು, ಅದು ಬಿಸಿಯಾಗಿದೆಯೇನೋ ಅನ್ನುವ ಹಾಗೆ ಮುಖ ಮಾಡಿದ್ದ. ಅವನೇ ಗಂಡು.

"ಕಾರು ಇವರದ್ದೇನ್ರೀ ಅಯ್ಯನೋರೆ?" ಎಂದು ನಮ್ಮಪ್ಪ ಕೇಳಿದರು.

"ಅದ್ರ ಮ್ಯಾಲೆ ಕಾಲಿಟ್ಟು ನಿಂತಾರಲ್ಲ ಗೌಡ್ರೆ. ಬೇರೆಯವ್ರ ಕಾರಿನ ಮ್ಯಾಲೆ ಯಾರಾರ ಕಾಲಿಡಾಕೆ ಬಿಡ್ತಾರೇನು?"

ಅಯ್ಯನವರು ಸುಳ್ಳು ಹೇಳಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಕೇಳಿದ್ದಕ್ಕೆ ತಿರುಗಿ ಕೇಳಿದರು, ಅಷ್ಟೆ. ನಮ್ಮಪ್ಪ "ಆಗ್ಲಿ" ಎಂದು ಫೋಟೋ ವಾಪಸು ಕೊಟ್ಟರು. ಸಂಜೆಯೊಳಗೆ ಹಾಲಮ್ಮನನ್ನು ಕಾರಿನ ಮನೆಗೆ ಕೊಡುತ್ತಾರಂತೆ ಎಂದು ಓಣಿಗೆಲ್ಲ ಸುದ್ದಿಯಾಯಿತು. ಗೆಳತಿಯರು, ಕಾರಿನಲ್ಲಿ ಕೂತರೆ ವಾಂತಿ ಬರುತ್ತದೆ, ನಿಂಬೆಹಣ್ಣು ಇಟ್ಟುಕೋ ಎಂದು ಬುದ್ಧಿ ಹೇಳಿದರು. ಅವರಲ್ಲಿ ಒಬ್ಬಳೂ ಕಾರಿನಲ್ಲಿ ಕೂತವಳಲ್ಲ. ಮದುವೆಯ ದಿನ ಗಂಡಿನ ಕಡೆಯವರು ಬಂದದ್ದು ಬಸ್ಸಿನಲ್ಲಿ. ಒಬ್ಬರ ತಲೆಯ ಮೇಲೆ ಟ್ರಂಕು, ಇನ್ನೊಬ್ಬರ ಕಂಕುಳಲ್ಲಿ ಕೂಸು, ಮದುಮಗನ ಕೈಯಲ್ಲಿ ನೀರಿನ ತಂಬಿಗೆ. ಓಣಿಯವರೆಲ್ಲ ಬಸ್ಸಿನ ಹಿಂದೆ ಧೂಳು ಇಳಿಯುವ ತನಕ ನೋಡಿದರು. ನಮ್ಮಪ್ಪನೇ ಅವರಿಗೆ, "ಕಾರು ಹಿಂದೆ ಬರ್ತೈತೆ, ಪೆಟ್ರೋಲ್ ಹಾಕ್ಸಾಕೆ ನಿಂತೈತಂತೆ" ಎಂದು ಸಮಾಧಾನ ಹೇಳಿದರು. ಅದು ಎಷ್ಟು ಪೆಟ್ರೋಲು ಕುಡಿಯಿತೋ, ಮದುವೆ ಮುಗಿದರೂ ಬರಲಿಲ್ಲ. ನಾನೂ ಬಸ್ಸಿನಲ್ಲೇ ಗಂಡನ ಮನೆಗೆ ಹೊರಟೆ. ನಿಂಬೆಹಣ್ಣು ಅಲ್ಲಿಯೂ ಉಪಯೋಗಕ್ಕೆ ಬಂತು.

ಚನ್ನಗಿರಿಗೆ ಬಂದ ಮೂರನೇ ದಿನ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಅತ್ತೆಯನ್ನು ಕೇಳಿಯೇ ಬಿಟ್ಟೆ, "ಅತ್ತೆ, ಕಾರು ಎಲ್ಲಿ ನಿಲ್ಲಿಸ್ತಾರೆ?" ಅತ್ತೆ ಮೊರ ಕೆಳಗಿಟ್ಟರು. "ಯಾವ ಕಾರು?" ಎಂದರು. ನಾನು ಫೋಟೋದ ವಿಷಯ ಹೇಳಿದೆ. ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನ್ಯಾಮತಿಯಿಂದ ಫೋಟೋ ಬಸಣ್ಣ ಎಂಬವನು ಸಂತೆಯ ದಿನ ತನ್ನ ಕಾರಿನಲ್ಲಿ ಬರುತ್ತಾನಂತೆ. ಸಂತೆ ಮೈದಾನದ ಹುಣಸೆಮರದ ಕೆಳಗೆ ಅದನ್ನು ನಿಲ್ಲಿಸುತ್ತಾನಂತೆ. ಬೇಕಾದವರು ಕುರ್ಚಿಯ ಪಕ್ಕ ನಿಂತು ತೆಗೆಸಿಕೊಳ್ಳಬಹುದು, ಇನ್ನೂ ಆಸೆಯಿದ್ದವರು ಕಾರಿನ ಪಕ್ಕ. "ಕಾರು ಅವಂದು, ಕೋಟೂ ಅವಂದೇ" ಎಂದರು ಅತ್ತೆ. ನಾನು, "ರುಮಾಲು?" ಎಂದೆ. "ರುಮಾಲು ನಮ್ಮದೇ" ಎಂದರು. ಆ ಮಾತನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು.

ಅವತ್ತು ನನಗೆ ಅಳು ಬಂತು ಎಂದು ಯಾರಾದರೂ ತಿಳಿದರೆ ತಪ್ಪು. ನನಗೆ ಬಂದದ್ದು ಸಿಟ್ಟು. ಸಿಟ್ಟು ಅಳುವಿಗಿಂತ ಬಾಳಿಕೆ ಬರುತ್ತದೆ. ನಮ್ಮಪ್ಪನಂಥ ಅಮಾಯಕನಿಗೆ ಮೋಸ ಮಾಡಿದರಲ್ಲ ಎಂದು ಅವತ್ತೇ ಒಂದು ತೀರ್ಮಾನಕ್ಕೆ ಬಂದೆ, ಆಮೇಲೆ ನಲವತ್ತು ವರ್ಷ ಅದನ್ನು ತಪ್ಪದೆ ನಡೆಸಿದೆ. ನಮ್ಮನೆಯವರು ಸಾರಿಗೆ ಉಪ್ಪು ಕಡಿಮೆ ಎಂದರೆ, "ಕಾರಿನಾಗೆ ಹೋಗಿ ತಗೊಂಡು ಬರ್ರಿ" ಎನ್ನುತ್ತಿದ್ದೆ. ಬಿಸಿಲಿನಲ್ಲಿ ನಡೆದು ಬಂದು ಕಾಲು ನೋವು ಎಂದರೆ, "ಡ್ರೈವರಿಗೆ ರಜ ಕೊಟ್ಟಿದ್ರೇನು?" ಎನ್ನುತ್ತಿದ್ದೆ. ಸೀಮೆಎಣ್ಣೆಯ ಸಾಲಿನಲ್ಲಿ ನಿಂತು ಬೆವರುತ್ತಿದ್ದರೆ, "ಕಾರು ಇಲ್ಲೇ ಮುಂದೆ ನಿಲ್ಸಿ ಹಾರ್ನ್ ಹೊಡೀರಿ, ದಾರಿ ಬಿಡ್ತಾರೆ" ಎಂದು ಪಕ್ಕದಲ್ಲಿ ನಿಂತು ಹೇಳಿದ್ದೇನೆ. ಅವರು ಒಂದು ಸಲವೂ ತಿರುಗಿ ಆಡಲಿಲ್ಲ. ಎಡಗಿವಿಯ ಹಿಂದೆ ತುರಿಸಿಕೊಂಡು ಎದ್ದು ಹೋಗುತ್ತಿದ್ದರು. ತಿರುಗಿ ಆಡದ ಗಂಡ ಸಿಕ್ಕರೆ ಹೆಂಗಸಿಗೆ ಬಾಯಿ ಜಾಸ್ತಿಯಾಗುತ್ತದೆ. ಅದು ನನ್ನ ತಪ್ಪಲ್ಲ.

ಒಂದು ತೊಂದರೆ ಮಾತ್ರ ನಾನು ಊಹಿಸಿರಲಿಲ್ಲ. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಈ ಕಾರಿನ ಮಾತು ಕೇಳಿ ಕೇಳಿ, ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ನಿಜವಾಗಿಯೂ ಕಾರಿತ್ತು ಎಂದು ನಂಬಿಬಿಟ್ಟರು. ಇಲ್ಲದ ಕಾರಿನ ಬಗ್ಗೆ ಅವ್ವ ದಿನವೂ ಯಾಕೆ ಮಾತಾಡುತ್ತಾಳೆ? ನಾನು ಕುಟುಕಿದ್ದೆಲ್ಲ ಸಾಕ್ಷಿಯಾಗಿ ಹೋಯಿತು. ಮಕ್ಕಳಿಂದ ಶಾಲೆಗೆ, ಶಾಲೆಯಿಂದ ಪೇಟೆಗೆ ಹೋಯಿತು. ನಮ್ಮನೆಯವರಿಗೆ ಇದ್ದದ್ದು ಬಾಡಿಗೆ ಸೈಕಲ್ಲಿನ ಅಂಗಡಿ. ಎಪ್ಪತ್ತರ ದಶಕದಲ್ಲಿ ಹುಡುಗರು ಸೈಕಲ್ಲನ್ನು ಗಂಟೆಯ ಲೆಕ್ಕದಲ್ಲಿ ಒಯ್ದು, ಕೋಟೆ ಗುಡ್ಡದ ಇಳಿಜಾರಿನಲ್ಲಿ ಬಿಟ್ಟು, ಸೈಕಲ್ಲು ಒಂದು ಕಡೆ, ಮಂಡಿಯ ಚರ್ಮ ಒಂದು ಕಡೆ ಆಗಿ ವಾಪಸು ತರುತ್ತಿದ್ದರು. ಅಂಥ ಅಂಗಡಿಯನ್ನು ಜನ "ಕಾರಿನ ಸಿದ್ದಲಿಂಗಪ್ಪನ ಸೈಕಲ್ ಷಾಪು" ಎನ್ನತೊಡಗಿದರು. ಇವರು ಮೊದಮೊದಲು ಸುಮ್ಮನೆ ನಗುತ್ತಿದ್ದರು. ಆಮೇಲೆ ಹೂಂ ಎನ್ನತೊಡಗಿದರು. ಪಂಕ್ಚರ್ ಹಾಕುವಾಗ ಕೈ ಕೆಲಸದಲ್ಲಿದ್ದರೂ ಬಾಯಿ ಬಿಡುವಾಗಿರುತ್ತದೆ. ವರ್ಷ ಕಳೆದ ಹಾಗೆ ಅವರಪ್ಪ ಆ ಕಾರಿನಲ್ಲಿ ಹೊನ್ನಾಳಿಗೆ ಹೋದರು, ಶಿವಮೊಗ್ಗಕ್ಕೆ ಹೋದರು, ಮೈಸೂರಿಗೂ ಹೋಗಿ ದಸರಾ ನೋಡಿಕೊಂಡು ಬಂದರು. ನಮ್ಮ ಮಾವ ಸತ್ತ ಮೇಲೆ ಬದುಕಿದ್ದಾಗಿನದಕ್ಕಿಂತ ಜಾಸ್ತಿ ತಿರುಗಾಡಿದರು. ಕಾರು ಈಗೆಲ್ಲಿ ಎಂದರೆ, "ನ್ಯಾಮತಿಯೋರಿಗೆ ಮಾರಿಬಿಟ್ವಿ" ಎನ್ನುತ್ತಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಬಾಯಿಗೆ ಬಂದದ್ದನ್ನು ಹೇಳಿಬಿಡುವವಳು ಎಂದು ಊರಿನಲ್ಲಿ ನನಗಿರುವ ಹೆಸರು ಸುಮ್ಮನೆ ಬಂದದ್ದಲ್ಲ.

ಹೀಗಿರುವಾಗ, ಎಂಬತ್ತರ ಈಚೆಗೆ, ಹೈಸ್ಕೂಲಿಗೆ ಒಬ್ಬ ಹೊಸ ಡ್ರಾಯಿಂಗ್ ಮೇಷ್ಟ್ರು ಬಂದರು. ತೆಳ್ಳಗೆ, ಬೆಳ್ಳಗೆ, ಕಿವಿಯ ಮೇಲೆ ಪೆನ್ಸಿಲ್ಲು. ಅವರಿಗೆ ಊರಿನ ಹಿಂದಿನ ಕಾಲವನ್ನೆಲ್ಲ ಒಂದು ಕಡೆ ಸೇರಿಸಬೇಕೆಂಬ ಹುಚ್ಚು. ಮನೆ ಮನೆಗೆ ಹೋಗಿ ಹಳೆಯ ಫೋಟೋ ಕೇಳುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಉಳಿದಿರುವ ಹಳೆಯ ಕಾರುಗಳನ್ನೂ ತರಿಸಿ ಶಾಲೆಯ ಮೈದಾನದಲ್ಲಿ ನಿಲ್ಲಿಸುತ್ತೇವೆ, ಒಳಗೆ ದೊಡ್ಡ ಕೋಣೆಯಲ್ಲಿ ಫೋಟೋ ತೂಗುಹಾಕುತ್ತೇವೆ ಎಂದರು. ನಮ್ಮ ನಡುಮನೆಯ ಫೋಟೋ ನೋಡಿದ್ದೇ ಅವರ ಕಣ್ಣು ಅರಳಿತು.

"ಇದು ನಿಮ್ಮ ತಂದೆಯವರ ಕಾರಲ್ವೇ ಸಿದ್ದಲಿಂಗಪ್ಪನೋರೆ? ಊರಿನ ಮೊದಲ ಕಾರು ಅಂತ ಕೇಳಿದೀನಿ."

ನಮ್ಮನೆಯವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ನಾನು ಅಲ್ಲೇ ನಿಂತಿದ್ದೆ. "ಹೂಂ, ಹಂಗಂತಾರೆ" ಎಂದರು.

"ಈ ಫೋಟೋ ನಟ್ಟನಡುವೆ ಹಾಕ್ತೀವಿ. ತಾಲ್ಲೂಕು ಸಾಹೇಬರು ಬರ್ತಾರೆ, ನಿಮಗೊಂದು ಶಾಲು ಹೊದಿಸೋಣ ಅಂತಿದೀವಿ. ಕಾರು ನ್ಯಾಮತಿಯಲ್ಲಿ ಇನ್ನೂ ಇದೆ ಅಂತೀರಲ್ಲ, ಯಾರ ಮನೇಲಿ ಅಂತ ಹೇಳಿ, ಕಾಗದ ಹಾಕಿ ತರಿಸ್ತೀನಿ."

ಇವರ ಕೈ ಎಡಗಿವಿಗೆ ಹೋಯಿತು. ನಾನು ಒಳಗಿನಿಂದ, "ಫೋಟೋ ಬಸಣ್ಣ ಅಂತ ಬರ್ಕೊಳ್ರಿ ಮೇಷ್ಟ್ರೆ. ನ್ಯಾಮತಿಯಾಗೆ ಯಾರನ್ನು ಕೇಳಿದ್ರೂ ಹೇಳ್ತಾರೆ" ಎಂದೆ. ಮೇಷ್ಟ್ರು ಸಂತೋಷದಿಂದ ಬರೆದುಕೊಂಡರು. ನಮ್ಮನೆಯವರ ಮುಖ ಗಾಳಿ ಹೋದ ಟ್ಯೂಬಿನ ಹಾಗಾಯಿತು.

ಆವತ್ತಿನಿಂದ ಅವರಿಗೆ ಊಟ ಸೇರಲಿಲ್ಲ. ಸುದ್ದಿ ಆಗಲೇ ಹರಡಿತ್ತು. ಸೊಸೆಯ ತವರಿನವರು ಶಾಲು ಹೊದಿಸುವುದನ್ನು ನೋಡಲು ಹೊನ್ನಾಳಿಯಿಂದ ಬರುತ್ತೇವೆಂದು ಹೇಳಿ ಕಳಿಸಿದ್ದರು. ಅಂಗಡಿಯ ಎದುರಿನ ಹೋಟೆಲಿನವರು ಈಗಲೇ ಬಿಟ್ಟಿ ಟೀ ಕಳಿಸುತ್ತಿದ್ದರು. ಬಸಣ್ಣ ಬಂದು ಬಾಯಿಬಿಟ್ಟರೆ ಮುಗಿಯಿತು, ನಾಳೆಯಿಂದ ಸೈಕಲ್ಲು ಕೇಳಲು ಬಂದ ಹುಡುಗರೂ ನಗುತ್ತಾರೆ. ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಬಂದು ಕುಕ್ಕರುಗಾಲಿನಲ್ಲಿ ಕೂತರು.

"ನೋಡೇ, ಬಸಣ್ಣಂಗೆ ವಯಸ್ಸಾಗೈತೆ, ಬರ್ತಾನೋ ಇಲ್ವೋ. ನೀನು ಮಾತ್ರ ಅವತ್ತೊಂದು ದಿನ ಸುಮ್ನಿರು."

"ಯಾರೂ ಕೇಳ್ದಿದ್ರೆ ಸುಮ್ನಿರ್ತೀನಿ. ಕೇಳಿದ್ರೆ ಹೇಳ್ತೀನಿ" ಎಂದೆ.

"ಕೇಳಿದ್ರೂ ಸುಮ್ನಿರಾಕೆ ಆಗಲ್ವಾ?"

"ಮೈಸೂರು ದಸರಾಕ್ಕೆ ಹೋಗಿ ಬಂದೋರು ನೀವು. ನಿಮಗೆ ಯಾಕೆ ಹೆದರಿಕೆ?"

ಅವರು ಹಸೀ ರೊಟ್ಟಿಯನ್ನು ಸ್ವಲ್ಪ ಹೊತ್ತು ನೋಡಿ ಎದ್ದು ಹೋದರು. ಪಾಪ ಅನ್ನಿಸಿತೇ ಎಂದು ಕೇಳಿದರೆ, ಇಲ್ಲ. ರೊಟ್ಟಿ ಸೀದು ಹೋಗುತ್ತಿತ್ತು.

ಆ ದಿನ ಬಂತು. ನಮ್ಮನೆಯವರು ಗಂಜಿ ಹಾಕಿದ ಪಂಚೆ ಉಟ್ಟು, ಮಗನ ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡರು. ಶಾಲೆಯ ಮೈದಾನದಲ್ಲಿ ಹಳೆಯ ಕಾರುಗಳು ಸಾಲಾಗಿ ನಿಲ್ಲುತ್ತವೆ ಎಂದಿದ್ದರಲ್ಲ, ನಾವು ಹೋದಾಗ ನಿಂತಿದ್ದದ್ದು ಎರಡು. ಒಂದಕ್ಕೆ ಬಾಗಿಲಿರಲಿಲ್ಲ. ಇನ್ನೊಂದು ಬಸ್ ಸ್ಟ್ಯಾಂಡಿನ ಹತ್ತಿರ ಕೆಟ್ಟು ನಿಂತು, ಎತ್ತು ಕಟ್ಟಿ ಎಳೆದುಕೊಂಡು ಬರಬೇಕಾಯಿತಂತೆ. ನಾವು ನೋಡುವಾಗಲೂ ಎತ್ತುಗಳನ್ನು ಬಿಚ್ಚಿರಲಿಲ್ಲ. ಜನ ಕಾರಿಗಿಂತ ಎತ್ತಿನ ಬೆಲೆಯನ್ನೇ ವಿಚಾರಿಸುತ್ತಿದ್ದರು. ನ್ಯಾಮತಿಯ ಕಾರು ಕಾಣಲಿಲ್ಲ. ಇವರು ಒಂದು ಉಸಿರು ಬಿಟ್ಟರು.

ಒಳಗೆ ಹೋದೆವು. ಉದ್ದಕ್ಕೆ ಹುರಿ ಕಟ್ಟಿ ಫೋಟೋಗಳನ್ನು ತೂಗುಹಾಕಿದ್ದರು. ನಡುವೆ ನಮ್ಮ ಫೋಟೋ, ಕೆಳಗೆ ದುಂಡಗಿನ ಅಕ್ಷರದಲ್ಲಿ "ಚನ್ನಗಿರಿಯ ಮೊದಲ ಕಾರು". ಅದರ ಪಕ್ಕದಲ್ಲಿ ತ್ಯಾವಣಿಗೆಯ ಒಬ್ಬ ಅಜ್ಜ, ಫುಟ್‌ಬೋರ್ಡಿನ ಮೇಲೆ ಒಂದು ಕಾಲು. ಕೆಳಗೆ "ತ್ಯಾವಣಿಗೆಯ ಮೊದಲ ಕಾರು". ಅದರಾಚೆ ಸಂತೇಬೆನ್ನೂರಿನ ಹೊಂಡದ ಮುಂದೆ ಇಬ್ಬರು ಅಣ್ಣತಮ್ಮಂದಿರು, ಒಬ್ಬ ಆ ಕಡೆಯ ಫುಟ್‌ಬೋರ್ಡಿನಲ್ಲಿ, ಇನ್ನೊಬ್ಬ ಈ ಕಡೆಯದರಲ್ಲಿ. ಅಲ್ಲಿಂದಾಚೆ ನಮ್ಮೂರಿನವರೇ ಇನ್ನೂ ನಾಲ್ವರು. ಒಟ್ಟು ಏಳು ಮನೆ, ಎಂಟು ಯಜಮಾನರು, ಒಂದೇ ಕಾರು. ಎಡದ ದೀಪದ ಪಕ್ಕದಲ್ಲಿ ಕೊಬ್ಬರಿ ಗಿಟುಕಿನಷ್ಟು ಒಂದು ತಗ್ಗು, ಏಳರಲ್ಲೂ ಇತ್ತು. ಕರಿ ಕೋಟೂ ಒಂದೇ. ಒಬ್ಬನಿಗೆ ಮಂಡಿಯ ತನಕ ಬಂದಿತ್ತು, ಒಬ್ಬನಿಗೆ ಗುಂಡಿ ಸೇರಿರಲಿಲ್ಲ. ಮೇಷ್ಟ್ರಿಗೆ ಇದು ಮೊದಲೇ ಯಾಕೆ ಕಾಣಲಿಲ್ಲ ಎಂದರೆ, ಅವರು ಒಂದೊಂದು ಮನೆಯಲ್ಲಿ ಒಂದೊಂದು ದಿನ ಫೋಟೋ ಇಸಿದುಕೊಂಡಿದ್ದರು. ಅಲ್ಲದೆ ಅವರು ಡ್ರಾಯಿಂಗ್ ಮೇಷ್ಟ್ರು, ಮುಖ ನೋಡುತ್ತಾರೆ.

ನಾನು ಕಾರು ಬಿಟ್ಟು ಕಾರಿನ ಹಿಂದೆ ನೋಡುತ್ತಾ ಹೋದೆ. ಊರು ಇದ್ದದ್ದು ಅಲ್ಲಿ. ಹಳೆಯ ಫೋಟೋದಲ್ಲಿ ಹುಣಸೆಮರದ ಹಿಂದೆ ಬರೀ ಬಯಲು, ಬಯಲಿನಾಚೆ ಕೋಟೆ ಗುಡ್ಡ. ಆಮೇಲಿನದರಲ್ಲಿ ಅದೇ ಜಾಗಕ್ಕೆ ಒಂದು ಗರಿಯ ಹೋಟೆಲು ಬಂದಿದೆ. ಅದರ ಮುಂದಿನದರಲ್ಲಿ ಹೋಟೆಲಿಗೆ ಹೆಂಚು ಬಂದಿದೆ, ಬೋರ್ಡು ಬಂದಿದೆ, ಬೋರ್ಡಿನ ಕೆಳಗೆ ಜಗಳ ಮಾಡಲು ಇಬ್ಬರು ಬಂದಿದ್ದಾರೆ. ಈಗ ಮುಚ್ಚಿಹೋಗಿರುವ ಸೇದುವ ಬಾವಿ ಒಂದರಲ್ಲಿತ್ತು. ಬಾವಿಕಟ್ಟೆಯ ಮೇಲೆ ಕೊಡ ಇಟ್ಟುಕೊಂಡು ಕ್ಯಾಮರಾ ಕಡೆ ಬಾಯಿ ಬಿಟ್ಟು ನೋಡುತ್ತಿದ್ದವಳು ನಮ್ಮ ಅತ್ತೆಯೇ. ಕಾಸು ಕೊಟ್ಟು ನಿಂತವರೆಲ್ಲ ಬೇರೆ ಯಾರೋ ಎಂಬ ಹಾಗೆ ಕಾಣುತ್ತಿದ್ದರು, ಬಿಟ್ಟಿಯಾಗಿ ಸಿಕ್ಕಿಹಾಕಿಕೊಂಡ ಅತ್ತೆ ಮಾತ್ರ ಥೇಟು ಅತ್ತೆಯೇ ಆಗಿದ್ದರು.

ಅಷ್ಟರಲ್ಲಿ ಹಿಂದೆ ಗಲಾಟೆ ಶುರುವಾಗಿತ್ತು.

"ನಮ್ಮಜ್ಜನ ಕಾರಿನ ಮ್ಯಾಲೆ ಇವರಜ್ಜ ಯಾಕ್ರೀ ಕಾಲಿಟ್ಟಾನೆ?" ಎಂದು ತ್ಯಾವಣಿಗೆಯ ಪರಮೇಶಪ್ಪ ಕೇಳುತ್ತಿದ್ದ.

"ನಿಮ್ಮಜ್ಜ ಸಂತೆಗೆ ನಡ್ಕೊಂಡು ಬರೋದನ್ನ ನಾನೇ ನೋಡೀನಿ ಕಣಪ್ಪ" ಎಂದರು ಸಂತೇಬೆನ್ನೂರಿನ ಹಿರಿಯರೊಬ್ಬರು.

"ಬರೋವಾಗ ನಡ್ಕ್ಯಂಡು ಬರ್ತಿದ್ದ. ಹೋಗೋವಾಗ ನೋಡೀರೇನು?"

ನಮ್ಮನೆಯವರು ಕೋಟಿನ ಗುಂಡಿ ಹಾಕುತ್ತಾ, ಬಿಚ್ಚುತ್ತಾ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಸಾಹೇಬರು ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಮೇಜಿನ ಮೇಲೆ ಶಾಲು ಮಡಿಸಿ ಇಟ್ಟಿತ್ತು, ಯಾರಿಗೆ ಹೊದಿಸಬೇಕೆಂದೇ ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರು ಬೆವರು ಒರೆಸಿಕೊಂಡು ಸೀದಾ ನನ್ನ ಹತ್ತಿರ ಬಂದರು.

"ಅಮ್ಮಾ, ನೀವು ಸುಳ್ಳು ಹೇಳೋರಲ್ಲ ಅಂತ ಊರಿಗೇ ಗೊತ್ತು. ನೀವೇ ಹೇಳಿಬಿಡಿ, ಈ ಕಾರು ಯಾರದ್ದು?"

ಹೊನ್ನಾಳಿಯ ಬೀಗರು ಮುಂದೆ ಬಾಗಿದರು. ನಲವತ್ತು ವರ್ಷದಿಂದ ನಾನು ಕಾಯುತ್ತಿದ್ದ ಪ್ರಶ್ನೆ ಇದು. ನಾಲಿಗೆಯ ತುದಿಯಲ್ಲಿ ಕೂತು ಕೂತು ಉತ್ತರಕ್ಕೆ ಹೊಳಪು ಬಂದಿತ್ತು. ನಮ್ಮನೆಯವರ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಾ, ಕಿತ್ತುಬಂದ ಗುಂಡಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮುಂದೆ ನನಗೇನಾಯಿತೋ ಗೊತ್ತಿಲ್ಲ.

"ನಾನು ಮದುವೆಯಾಗಿ ಬಂದಾಗ ಕಾರು ಮನೆಯಾಗೆ ಇರಲಿಲ್ಲ" ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಕೇಳಿದವರೆಲ್ಲ, ಅಂದರೆ ಅಷ್ಟರೊಳಗೆ ಮಾರಿಬಿಟ್ಟಿದ್ದರು ಎಂದು ತಲೆಯಾಡಿಸಿದರು. ಅಯ್ಯನವರ ನೆನಪಾಗಿ ನನಗೇ ನಾಚಿಕೆಯಾಯಿತು.

ಆಗ ಹೊರಗೆ ಪೋಂ ಪೋಂ ಎಂದು ಶಬ್ದ ಕೇಳಿಸಿತು. ಎಲ್ಲರೂ ಮೈದಾನಕ್ಕೆ ಓಡಿದೆವು. ಗೇಟಿನಲ್ಲಿ ಕರಿ ಕಾರೊಂದು ಕೆಮ್ಮುತ್ತಾ, ನಡುಗುತ್ತಾ, ಹೊನ್ನಾಳಿ ಸೇತುವೆ ದಾಟಿ ಬಂದ ಧೂಳನ್ನೆಲ್ಲ ಹೊತ್ತುಕೊಂಡು ಒಳಗೆ ಬರುತ್ತಿತ್ತು. ಮೇಲಿನ ಬಟ್ಟೆ ಹರಿದ ಕಡೆ ಗೋಣಿಚೀಲ ಹೊಲಿದಿದ್ದರು. ಎಡದ ದೀಪದ ಪಕ್ಕದಲ್ಲಿ ತಗ್ಗು ಹಾಗೇ ಇತ್ತು. ಮೊಮ್ಮಗ ಓಡಿಸುತ್ತಿದ್ದ. ಪಕ್ಕದಲ್ಲಿ ಎಂಬತ್ತರ ಹತ್ತಿರದ ಮುದುಕ, ಮೈಮೇಲೆ ಆ ಕರಿ ಕೋಟು. ಫೋಟೋ ಬಸಣ್ಣ. ಏಳೂ ಮನೆಯವರ ಬಾಯಿ ಒಟ್ಟಿಗೆ ಮುಚ್ಚಿತು. ಆಮೇಲೆ ಒಟ್ಟಿಗೆ ತೆರೆಯಿತು. ಒಬ್ಬರು ಎಳನೀರು ತಂದರು, ಒಬ್ಬರು ಕುರ್ಚಿ ತಂದರು, ಪರಮೇಶಪ್ಪ "ಮನೆಗೆ ಬಂದು ಉಂಡ್ಕೊಂಡೇ ಹೋಗ್ಬೇಕು ದೊಡ್ಡಪ್ಪಾ" ಎಂದು ಕೈ ಹಿಡಿದುಕೊಂಡ. ಒಬ್ಬ ಮುದುಕನಿಗೆ ಅಷ್ಟು ಉಪಚಾರ ನಡೆದದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಸಾಹೇಬರು ಮಾತ್ರ ಎದ್ದು ಬಂದು ನೇರವಾಗಿ ಕೇಳಿಬಿಟ್ಟರು, "ಏನ್ರೀ, ಈ ಕಾರು ಮೊದಲು ಯಾರದ್ದು?"

ಬಸಣ್ಣ ಸುತ್ತಲೂ ನೋಡಿದ. ಏಳು ಮನೆಯವರ ಮುಖವನ್ನೂ ಒಂದೊಂದಾಗಿ ನೋಡಿದ, ಕ್ಯಾಮರಾದಲ್ಲಿ ನೋಡುವ ಹಾಗೆ ಒಂದು ಕಣ್ಣು ಸಣ್ಣ ಮಾಡಿ. "ಸಾಹೇಬ್ರೆ, ಫೋಟೋ ತೆಗೆಯೋ ಹೊತ್ತಿನಾಗೆ ಯಾರು ಅದ್ರ ಮ್ಯಾಲೆ ಕಾಲಿಟ್ಟಿರ್ತಾರೋ, ಕಾರು ಅವರದ್ದೇ" ಎಂದ. "ಆಮೇಲೆ ನಂದು."

ಮೊದಲು ಸಾಹೇಬರು ನಕ್ಕರು. ಆಮೇಲೆ ನಗದವರು ಯಾರೂ ಉಳಿಯಲಿಲ್ಲ. ಎಲ್ಲರ ಮರ್ಯಾದೆಯೂ ಒಂದೇ ಹೊತ್ತಿಗೆ ಹೋದರೆ ಯಾರ ಮರ್ಯಾದೆಯೂ ಹೋದ ಹಾಗಲ್ಲ. ಜೋರಾಗಿ ಚಪ್ಪಾಳೆ ಹೊಡೆದವರು ಆ ಏಳು ಮನೆಯವರೇ. ಶಾಲು ಬಸಣ್ಣನ ಹೆಗಲಿಗೆ ಹೋಯಿತು. ನಮ್ಮನೆಯವರು ಗುಂಡಿಯನ್ನು ಜೇಬಿಗೆ ಹಾಕಿಕೊಂಡು, ಎಷ್ಟೋ ದಿನದ ಮೇಲೆ ಹಸಿವಾದವರ ಹಾಗೆ ಚುರುಮುರಿ ಮಂಡಕ್ಕಿಯ ತಟ್ಟೆ ತೆಗೆದುಕೊಂಡರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬಸಣ್ಣನ ಮೊಮ್ಮಗ ಹಿಂದಿನ ಸೀಟಿನಿಂದ ತಗಡಿನ ಪೆಟ್ಟಿಗೆಯೊಂದನ್ನು ಇಳಿಸಿದ. ತೆಗೆದ ಪ್ರತಿಯೊಂದು ಫೋಟೋದ ಇನ್ನೊಂದು ಕಾಪಿಯನ್ನು ಬಸಣ್ಣ ಇಟ್ಟುಕೊಳ್ಳುತ್ತಿದ್ದನಂತೆ, ಊರೂರಿಗೆ ಬೇರೆ ಬೇರೆ ಕಟ್ಟು. ಜನ ಮುಗಿಬಿದ್ದರು. ನಾನೂ ಹೋದೆ. ನಮ್ಮನೆಯವರು ಮಂಡಕ್ಕಿ ಬಿಟ್ಟು ಓಡಿಬಂದು, "ಬಾರೇ, ಹೋಗಾನ, ಬಿಸಿಲು ಏರ್ತೈತೆ" ಎಂದು ನನ್ನ ಸೆರಗು ಎಳೆದರು. ಜನರ ಮುಂದೆ ಎಂದೂ ನನ್ನನ್ನು ಮುಟ್ಟದ ಮನುಷ್ಯ. "ಇನ್ನೇನು ಮುಚ್ಚಿಡಾಕೆ ಉಳಿದೈತೆ ನಿಮ್ದು?" ಎಂದು ನಾನು ಕೈ ಕೊಡವಿದೆ. ಒಂದು ಕಟ್ಟಿನ ಮೇಲೆ "ಜಗಳೂರು" ಎಂದು ಬರೆದಿತ್ತು. ಅಷ್ಟು ಓದಲು ಮೂರನೇ ಕ್ಲಾಸು ಸಾಕು. ದಾರ ಬಿಚ್ಚಿದೆ. ಮೂರನೆಯದೋ ನಾಲ್ಕನೆಯದೋ ಫೋಟೋದಲ್ಲಿ ನಮ್ಮಪ್ಪ ನಿಂತಿದ್ದರು.

ಅದೇ ಕೋಟು. ನಮ್ಮ ಮಾವನಿಗೆ ದೊಗಳೆಯಾಗಿದ್ದದ್ದು ನಮ್ಮಪ್ಪನಿಗೆ ತೋಳು ಮೋಟಾಗಿ ಮಣಿಕಟ್ಟು ಹೊರಗೆ ಬಂದಿತ್ತು. ರುಮಾಲು ಮಾತ್ರ ನಮ್ಮ ಮನೆಯದ್ದೇ, ನನಗೆ ಗುರುತು ಸಿಕ್ಕಿತು. ಒಂದು ಕಾಲು ನೆಲದ ಮೇಲಿತ್ತು. ಇನ್ನೊಂದು ಎಲ್ಲಿತ್ತು ಎಂದು ನಾನು ಬರೆಯಬೇಕಾಗಿಲ್ಲ. ನಮ್ಮಪ್ಪ ಫೋಟೋ ತೆಗೆಸಿಕೊಂಡಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ತವರಿನಲ್ಲಿ ಅವರದ್ದೊಂದು ಫೋಟೋ ಇರಲಿಲ್ಲ. ಸತ್ತು ಇಪ್ಪತ್ತು ವರ್ಷವಾದ ಮೇಲೆ ಮುಖ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಈಗ ಬಂತು. ಮೂಗು ಸ್ವಲ್ಪ ಸೊಟ್ಟಗಿತ್ತು, ಅದನ್ನು ಮರೆತೇಬಿಟ್ಟಿದ್ದೆ.

"ಇದನ್ನ ನೀವು ಮೊದ್ಲೇ ನೋಡಿದ್ರಾ?" ಎಂದು ದಾರಿಯಲ್ಲಿ ಕೇಳಿದೆ.

"ಅಯ್ಯನೋರು ನಮ್ಮದನ್ನ ಅಲ್ಲಿಗೆ ತಂದಂಗೆ, ನಿಮ್ಮದನ್ನ ಇಲ್ಲಿಗೆ ತಂದಿದ್ರು" ಎಂದರು. "ನಮ್ಮಪ್ಪ ಆ ತಗ್ಗು ನೋಡಿ ನಕ್ರು. ಇವ್ರೂ ನಮ್ಮಂಗೇ ಅದಾರೆ, ಹೆಣ್ಣು ತರಾನ ಅಂದ್ರು."

"ಅಂದ್ರೆ ನಮ್ಮಪ್ಪಂಗೂ ಗೊತ್ತಿತ್ತಾ?"

"ಅದೇ ಕಾರಿನ ಮ್ಯಾಲೆ ಕಾಲಿಟ್ಟು ನಿಂತೋರಿಗೆ ಗುರ್ತು ಸಿಗಲ್ವಾ? ಮದುವೆ ದಿನ ಇಬ್ರೂ ಒಂದೇ ಚಾಪೆ ಮ್ಯಾಲೆ ಕುಂತು ಎಲೆ ಅಡಿಕೆ ಹಾಕ್ಕೊಂಡು ಅದನ್ನೇ ಮಾತಾಡ್ತಿದ್ರು."

ಲೆಕ್ಕ ಹಾಕಿ ನೋಡಿದರೆ ಮೋಸ ಹೋದವಳು ನಾನೊಬ್ಬಳೇ. ಅಮಾಯಕರಾದ ನಮ್ಮಪ್ಪನ ಪರವಾಗಿ ನಲವತ್ತು ವರ್ಷ ಕಚ್ಚಾಡಿದ್ದೆ. ಅವರೇ ಹೊರಗೆ ನಿಂತು ಬರದ ಕಾರಿಗೆ ಪೆಟ್ರೋಲು ಹಾಕಿಸಿದ್ದರು. "ಅಷ್ಟು ವರ್ಷ ನಾನು ಬೈತಿದ್ದೆನಲ್ಲ, ಒಂದು ದಿನ ಬಾಯಿ ಬಿಟ್ಟು ಹೇಳಾಕೆ ಏನಾಗಿತ್ತು ನಿಮಗೆ?" ಎಂದೆ.

ಅವರು ಎಡಗಿವಿ ತುರಿಸಿಕೊಂಡರು. "ಹೇಳಿದ್ರೆ ನಿಮ್ಮಪ್ಪನ ಮರ್ಯಾದೆ ಹೋಗ್ತಿತ್ತು. ನಂದು ಹೆಂಗೂ ಹೋಗಿತ್ತು."

ಅವತ್ತು ಮನೆಗೆ ಹೋಗಿ ಅವರ ಕೋಟಿಗೆ ಗುಂಡಿ ಹೊಲಿದೆ. ಮಾರನೇ ದಿನ ಸಾರಿಗೆ ಉಪ್ಪು ಕಡಿಮೆ ಎಂದರು. ಬಾಯಿಗೆ ಬಂದದ್ದನ್ನು ನುಂಗಿ ಎದ್ದು ಹೋಗಿ ಉಪ್ಪು ತಂದು ಹಾಕಿದೆ. ಅವರಿಗೆ ಗಾಬರಿಯಾಗಿ, "ಯಾಕೆ, ಮೈ ಹುಷಾರಿಲ್ವಾ?" ಎಂದರು.

ಪ್ರದರ್ಶನದ ಫೋಟೋಗಳು ಏಳು ಮನೆಗಳಿಗೂ ವಾಪಸು ಹೋದವು. ಗೋಡೆಗೆ ಏರಿದ ಒಂದು ತಿಂಗಳಿಗೆ ಕಾರುಗಳೂ ಆಯಾ ಮನೆಗಳಿಗೆ ವಾಪಸು ಹೋದವು. ಪರಮೇಶಪ್ಪನ ಅಜ್ಜ ಈಗ ಮತ್ತೆ ಕಾರಿನಲ್ಲಿ ತಿರುಗಾಡುತ್ತಿದ್ದಾನಂತೆ. ಬಸಣ್ಣನಿಂದ ನಮ್ಮಪ್ಪನ ಫೋಟೋ ಇಸಿದುಕೊಂಡು, ಕಟ್ಟು ಹಾಕಿಸಿ, ಮಾವನ ಫೋಟೋದ ಪಕ್ಕದಲ್ಲಿ ನಾನೇ ಮೊಳೆ ಹೊಡೆದು ತೂಗುಹಾಕಿದೆ.

ಮೊನ್ನೆ ಮೊಮ್ಮಗಳನ್ನು ನೋಡಲು ದೂರದ ಊರಿನವರು ಬಂದಿದ್ದರು. ಗಂಡಿನ ತಂದೆ ನಡುಮನೆಯಲ್ಲಿ ಕೂತು ಗೋಡೆ ನೋಡಿದರು, ಒಂದು ಫೋಟೋ ನೋಡಿದರು, ಪಕ್ಕದ್ದನ್ನು ನೋಡಿದರು. "ಗಂಡನ ಮನೆಗೂ ಕಾರು, ತವರಿಗೂ ಕಾರು. ದೊಡ್ಡ ಮನೆತನ ಬಿಡ್ರಿ ಅಮ್ಮಾರೆ" ಎಂದರು. ನಮ್ಮನೆಯವರು ಹೆದರಿ ನನ್ನ ಮುಖ ನೋಡಿದರು. ಬಂದವರು ಕೇಳಿರಲಿಲ್ಲ, ಬರೀ ಹೇಳಿದ್ದರು. ಕೇಳಿದ್ದರೆ ಹೇಳುತ್ತಿದ್ದೆ. "ಮಂಡಕ್ಕಿ ಮೆತ್ತಗಾಗ್ತೈತೆ, ತಿನ್ರಿ" ಎಂದೆ. ಅವರು ತಿನ್ನುತ್ತಾ ಹುಡುಗನ ಫೋಟೋವನ್ನು ನನ್ನ ಕೈಗೆ ಕೊಟ್ಟರು. ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದು ನೋಡಿದೆ. ಹುಡುಗ ಕರಿ ಕನ್ನಡಕ ಹಾಕಿಕೊಂಡು ಮೋಟರ್ ಸೈಕಲ್ಲಿನ ಮೇಲೆ ಕೂತಿದ್ದ. ಗಾಡಿಯ ಹಿಂದೆ ಪರದೆ, ಪರದೆಯ ಮೇಲೆ ಬರೆದ ಬೆಟ್ಟ. ಮೋಟರ್ ಸೈಕಲ್ಲು ಯಾರದ್ದೆಂದು ನಾನು ಕೇಳಲಿಲ್ಲ.